ಹೊಳೆಯಲ್ಲಿ ಗಾಳ ಹಾಕುವವರಿಗೆ: ಕೊಕ್ಕೆಯಿಂದ ಶುರು ಮಾಡಿ, ರಾಡ್ ಕೊನೆಗಿರಲಿ

"ಹೊಳೆಯಲ್ಲಿ ಗಾಳ ಹಾಕೋ ಆಸೆ ಇದೆ, ಯಾವ ರಾಡ್ ತಗೊಳ್ಳಲಿ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಸ್ವಲ್ಪ ದಿನ ಬಿಟ್ಟು ಇನ್ನೊಂದು ಬರುತ್ತದೆ: "ಒಳ್ಳೆ ರಾಡೇ ತಗೊಂಡೆ, ಬೆಳಗ್ಗೆಯಿಂದ ಸಂಜೆವರೆಗೂ ಕೂತೆ, ಒಂದೂ ಕಚ್ಚಲಿಲ್ಲ, ಯಾಕೆ?"

ಎರಡಕ್ಕೂ ಉತ್ತರ ಒಂದೇ. ಮೀನು ರಾಡನ್ನು ನೋಡುವುದಿಲ್ಲ. ಅದಕ್ಕೆ ಕಾಣುವುದು ಎರೆ, ಎರೆಯೊಳಗಿನ ಕೊಕ್ಕೆ, ಕೊಕ್ಕೆಯ ಮೇಲಿನ ಒಂದು ಮೊಳ ದಾರ. ಅಷ್ಟೇ. ಅಂಗಡಿಗೆ ಹೋದವರು ಮೊದಲು ರಾಡ್ ಆರಿಸುತ್ತಾರೆ, ಆಮೇಲೆ ರೀಲು, ಆಮೇಲೆ ಆ ರೀಲಿಗೆ ಒಪ್ಪುವ ದಪ್ಪ ದಾರ, ಕೊನೆಗೆ ದಾರಕ್ಕೆ ತಕ್ಕ ದೊಡ್ಡ ಕೊಕ್ಕೆ. ನೀವು ಇದನ್ನು ತಿರುಗಿಸಿ ಮಾಡಿ. ಯಾವ ಮೀನು ಅಂತ ಮೊದಲು ತೀರ್ಮಾನ ಆಗಲಿ. ಆ ಮೀನಿಗೆ ಕೊಕ್ಕೆ, ಕೊಕ್ಕೆಗೆ ದಾರ, ದಾರಕ್ಕೆ ರೀಲು, ಎಲ್ಲಕ್ಕೂ ಒಗ್ಗುವ ರಾಡ್ ಕಡೆಗೆ. ಖರ್ಚೂ ಕಡಿಮೆ, ಮೀನೂ ಜಾಸ್ತಿ.

ಇದು ಕರ್ನಾಟಕದ ಹೊಳೆಗಳಲ್ಲಿ ಹೊಸದಾಗಿ ಗಾಳ ಹಿಡಿಯುವವರಿಗೆ ಬರೆದದ್ದು. ಬಲೆ ಬೀಸುವವರಿಗಲ್ಲ.

ಹಂತ 1: ಜಾಗಕ್ಕೆ ಅನುಮತಿ ಇದೆಯಾ ನೋಡಿ

ಸಾಮಾನು ಕೊಳ್ಳುವ ಮೊದಲೇ ಈ ಕೆಲಸ ಮುಗಿಸಿ. ಒಳನಾಡು ಮೀನುಗಾರಿಕೆಗೆ ನಮ್ಮ ರಾಜ್ಯದಲ್ಲಿ 1996ರ ಕಾಯ್ದೆ ಇದೆ. ಕೆರೆ, ಜಲಾಶಯ, ನದಿ ಭಾಗಗಳ ಮೀನಿನ ಹಕ್ಕನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆ ಅಥವಾ ಪರವಾನಗಿ ಮೂಲಕ ಕೊಡುತ್ತದೆ. "ಹೊಳೆ ಯಾರಪ್ಪಂದೂ ಅಲ್ಲ" ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ. ಆ ಭಾಗದ ಹಕ್ಕು ಯಾರಿಗಿದೆ, ಗಾಳಕ್ಕೆ ಪರವಾನಗಿ ಬೇಕಾ, ಯಾವ ತಿಂಗಳು ನಿಷೇಧ ಅಂತ ಕೇಳಿಕೊಳ್ಳಿ. ಮಳೆಗಾಲದಲ್ಲಿ ಗೆಂಡೆ ಜಾತಿಯ ಮೀನುಗಳು ಮೊಟ್ಟೆ ಇಡಲು ಹೊಳೆ ಹತ್ತುತ್ತವೆ. ಕಾನೂನು ಹೇಳಲಿ, ಬಿಡಲಿ, ಹೊಟ್ಟೆ ತುಂಬ ಮೊಟ್ಟೆ ಇರುವ ಮೀನನ್ನು ಆ ಸಮಯದಲ್ಲಿ ಹಿಡಿಯಬಾರದು.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗಿನ ನೀರಿಗೆ ಗಾಳ ಹಾಕುವ ಹಾಗೇ ಇಲ್ಲ. ಭೀಮೇಶ್ವರಿ, ಗಾಲಿಬೋರೆ ಕಡೆ ಹಿಂದೆ ಮಹಸೀರ್ ಎಂಬ ದೊಡ್ಡ ಗೆಂಡೆ ಜಾತಿಯ ಮೀನಿಗೆ ಗಾಳದ ಕ್ಯಾಂಪ್‌ಗಳು ನಡೆಯುತ್ತಿದ್ದವು. ಆ ಕಾಲದ ಫೋಟೊ ನೋಡಿಕೊಂಡು ರಾಡ್ ಹೊತ್ತು ಹೊರಟವರಿದ್ದಾರೆ. ಆ ಭಾಗ ಕಾವೇರಿ ವನ್ಯಜೀವಿ ಧಾಮಕ್ಕೆ ಸೇರಿದ್ದು, ಹೋಗಬೇಡಿ.

ಹಾಗೆಯೇ ದೇವಸ್ಥಾನದ ಮತ್ಸ್ಯಧಾಮಗಳು. ತುಂಗೆಯಲ್ಲಿ ಶೃಂಗೇರಿ, ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆ, ಕಾವೇರಿಯಲ್ಲಿ ರಾಮನಾಥಪುರ, ಕಪಿಲಾ ಹೊಳೆಯಲ್ಲಿ ಶಿಶಿಲ. ಅಲ್ಲಿನ ಮೀನು ಕೈಯಿಂದಲೇ ಮಂಡಕ್ಕಿ ತಿನ್ನುವಷ್ಟು ನಂಬಿಕೆ ಇಟ್ಟುಕೊಂಡಿರುತ್ತದೆ. ದೇವಸ್ಥಾನದ ಗಡಿ ದಾಟಿದ ಕೂಡಲೇ ಗಾಳ ಹಾಕಬಹುದು ಅಂತ ಲೆಕ್ಕ ಹಾಕಬೇಡಿ. ಕೆಳಗಿನ ಮಡುವಿಗೆ ಬರುವುದೂ ಅದೇ ಮೀನು.

ಹಂತ 2: ಯಾವ ಮೀನು, ಯಾವ ಕೊಕ್ಕೆ

ಕೊಕ್ಕೆಯ ನಂಬರ್ ಹೊಸಬರನ್ನು ಗೊಂದಲ ಮಾಡುತ್ತದೆ. ನಂಬರ್ ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು. 14 ಅಂದರೆ ಪುಟ್ಟದು, 4 ಅಂದರೆ ದೊಡ್ಡದು. 1 ಆದಮೇಲೆ ಲೆಕ್ಕ ತಿರುಗುತ್ತದೆ: 1/0, 2/0, 3/0 ಹೀಗೆ ಮೇಲೆ ಹೋದಂತೆ ಕೊಕ್ಕೆಯೂ ದೊಡ್ಡದು.

ಜಿಲೇಬಿ ಮೀನು, ಸಣ್ಣ ಗೆಂಡೆಗಳಿಗೆ 10 ಅಥವಾ 8. ಕಿಲೋ, ಎರಡು ಕಿಲೋ ತೂಗುವ ಸಾಮಾನ್ಯ ಗೆಂಡೆ, ರೋಹು, ಮೃಗಾಲ್‌ಗೆ 6 ಅಥವಾ 4. ಕೊರವ, ಬಾಳೆ ಮೀನಿನಂತಹ ಬೇಟೆಗಾರರಿಗೆ 1/0 ಅಥವಾ ಅದಕ್ಕಿಂತ ದೊಡ್ಡದು. ಮೊದಲ ಸಲ ಹೋಗುವವರು 8 ಮತ್ತು 6 ಎರಡನ್ನೇ ತಗೊಳ್ಳಿ, ಸಾಕು. ಚಿಕ್ಕ ಕೊಕ್ಕೆಯಲ್ಲಿ ದೊಡ್ಡ ಮೀನು ಸಿಗುತ್ತದೆ. ದೊಡ್ಡ ಕೊಕ್ಕೆಯಲ್ಲಿ ಚಿಕ್ಕ ಮೀನು ಎರೆ ಮಾತ್ರ ತಿಂದು ಹೋಗುತ್ತದೆ.

ಮೀನಿನ ಬಾಯಿ ನೋಡಿದರೆ ಅದು ಎಲ್ಲಿ ತಿನ್ನುತ್ತದೆ ಅಂತ ಗೊತ್ತಾಗುತ್ತದೆ. ಸಂತೆಯಲ್ಲಿ ಒಮ್ಮೆ ನಿಂತು ನೋಡಿ. ಕಾಟ್ಲಾದ ಬಾಯಿ ಮೇಲಕ್ಕೆ ತೆರೆದಿರುತ್ತದೆ, ಅದು ಮೇಲ್ಪದರದಲ್ಲಿ ಮೇಯುವ ಮೀನು. ಮೃಗಾಲ್ ಬಾಯಿ ಕೆಳಕ್ಕೆ ಇರುತ್ತದೆ, ಅದು ತಳದ ಮೀನು. ರೋಹು ನಡುವಿನದು. ಎರೆಯನ್ನು ಯಾವ ಆಳಕ್ಕೆ ಬಿಡಬೇಕು ಅನ್ನುವುದು ಇದರ ಮೇಲೆ ನಿಂತಿದೆ.

ಕೊಕ್ಕೆಯ ತುದಿಯ ಹಿಂದೆ ಒಂದು ಎದುರುಮುಳ್ಳು ಇರುತ್ತದೆ. ಅದನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ. ದಾರ ಬಿಗಿಯಾಗಿದ್ದರೆ ಮೀನು ತಪ್ಪಿಸಿಕೊಳ್ಳುವುದಿಲ್ಲ, ಬಿಡುವಾಗ ಬಾಯಿ ಹರಿಯುವುದಿಲ್ಲ, ನಿಮ್ಮ ಬೆರಳಿಗೆ ಚುಚ್ಚಿದರೂ ಸುಲಭವಾಗಿ ಬರುತ್ತದೆ. ಇದರಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ: ಎದುರುಮುಳ್ಳು ಒತ್ತದ ಕೊಕ್ಕೆಯನ್ನು ನೀರಿಗೆ ಬಿಡಬೇಡಿ.

ಹಂತ 3: ದಾರ, ರೀಲು, ರಾಡ್

ಶುರುವಿಗೆ ನೈಲಾನ್ ದಾರವೇ ಸರಿ. 0.25 ಮಿ.ಮೀ. ದಪ್ಪದ್ದು ಸುಮಾರು 4ರಿಂದ 5 ಕೆ.ಜಿ. ಎಳೆತ ತಡೆಯುತ್ತದೆ. ಪೊಟ್ಟಣದ ಮೇಲೆ ಪೌಂಡ್‌ನಲ್ಲಿ ಬರೆದಿದ್ದರೆ 10 ಪೌಂಡ್ ಅಂದರೆ ಸುಮಾರು ನಾಲ್ಕೂವರೆ ಕೆ.ಜಿ. "ಐದು ಕೆ.ಜಿ. ದಾರದಲ್ಲಿ ಆರು ಕೆ.ಜಿ. ಮೀನು ಬರಲ್ವಾ?" ಅಂತ ಕೇಳುತ್ತಾರೆ. ಬರುತ್ತದೆ. ನೀರಿನಲ್ಲಿ ಮೀನಿಗೆ ತೂಕವಿಲ್ಲ, ಇರುವುದು ಎಳೆತ ಮಾತ್ರ. ಆ ಎಳೆತವನ್ನು ರಾಡಿನ ಬಾಗು ಮತ್ತು ರೀಲಿನ ಡ್ರ್ಯಾಗ್ ಎಂಬ ಬಿರಿ ಹಂಚಿಕೊಳ್ಳುತ್ತವೆ.

ಹೆಣೆದ ದಾರವೂ ಸಿಗುತ್ತದೆ, ಬ್ರೇಡ್ ಅನ್ನುತ್ತಾರೆ. ಅಷ್ಟೇ ದಪ್ಪದ ನೈಲಾನ್‌ಗಿಂತ ಅದರ ಶಕ್ತಿ ಜಾಸ್ತಿ. ಆದರೆ ಹಿಗ್ಗುವುದಿಲ್ಲ, ತಿಳಿನೀರಿನಲ್ಲಿ ಎದ್ದು ಕಾಣುತ್ತದೆ, ಬಂಡೆಗೆ ಉಜ್ಜಿದರೆ ಬೇಗ ಹರಿಯುತ್ತದೆ. ನಮ್ಮ ಕಲ್ಲುಹೊಳೆಗಳಲ್ಲಿ ಕಲಿಯುವವರಿಗೆ ಅದು ಬೇಡ.

ರೀಲಿನಲ್ಲಿ ಸ್ಪಿನ್ನಿಂಗ್ ರೀಲ್ ತಗೊಳ್ಳಿ. ರಾಡಿನ ಕೆಳಗೆ ನೇತಾಡುವ, ಮುಂದೆ ತಂತಿಯ ಕಮಾನು ಇರುವ ರೀಲ್ ಅದು. ಆ ಕಮಾನಿಗೆ ಬೇಲ್ ಅನ್ನುತ್ತಾರೆ. ರೀಲಿನ ಮೇಲೆ ಬರೆದಿರುವ ಅಳತೆಯ ನಂಬರ್ 2500 ಅಥವಾ 3000 ಇದ್ದರೆ ಸಾಕು. ದಾರವನ್ನು ಉರುಳೆಯ ಅಂಚಿಗೆ ಸುಮಾರು 2 ಮಿ.ಮೀ. ಬಿಟ್ಟು ತುಂಬಿ. ತೀರಾ ಕಡಿಮೆ ತುಂಬಿದರೆ ದೂರ ಹೋಗುವುದಿಲ್ಲ, ಅಂಚಿನವರೆಗೂ ತುಂಬಿದರೆ ಗೊಂಚಲಾಗಿ ಬಿಚ್ಚಿಕೊಳ್ಳುತ್ತದೆ.

ರಾಡ್ 7ರಿಂದ 8 ಅಡಿ, ಮಧ್ಯಮ ಬಿಗಿ. ಹಿಡಿಕೆಯ ಮೇಲೆ ಎಷ್ಟು ಗ್ರಾಂ ಎಸೆಯಬಹುದು ಅಂತ ಬರೆದಿರುತ್ತಾರೆ. 10ರಿಂದ 30 ಗ್ರಾಂ ಇರುವುದು ಸಾಕು. ದುಡ್ಡಿಲ್ಲದಿದ್ದರೆ ಚಿಂತೆ ಬೇಡ. ಹತ್ತು ಹನ್ನೆರಡು ಅಡಿಯ ಬಿದಿರಿನ ಕೋಲಿಗೆ ಅಷ್ಟೇ ಉದ್ದ ದಾರ ಕಟ್ಟಿ ದಡದ ಹತ್ತಿರದ ಮೀನು ಹಿಡಿಯುವುದೂ ಪೂರ್ತಿ ಗಾಳವೇ. ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಡುವ, ಮೀನು ಕಚ್ಚಿದ್ದನ್ನು ತೋರಿಸುವ ಬೆಂಡಿನ ಭಾಷೆ ಕಲಿಯಲು ಅದೇ ಒಳ್ಳೆಯ ದಾರಿ.

ಡ್ರ್ಯಾಗ್ ಬಗ್ಗೆ ಸ್ವಲ್ಪ ನಿಧಾನವಾಗಿ ಓದಿ. ಮೀನು ಜೋರಾಗಿ ಎಳೆದಾಗ ದಾರ ತುಂಡಾಗುವ ಬದಲು ರೀಲಿನಿಂದ ಜಾರಿ ಹೋಗುವಂತೆ ಮಾಡುವ ಬಿರಿ ಅದು. ಎಷ್ಟು ಎಳೆದಾಗ ಜಾರಬೇಕು ಅನ್ನುವುದನ್ನು ನೀವೇ ತಿರುಗಿಸಿ ಇಡಬೇಕು. ದಾರದ ಶಕ್ತಿಯ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇರಲಿ. 4 ಕೆ.ಜಿ. ದಾರಕ್ಕೆ ಒಂದು ಕೆ.ಜಿ. ಅಥವಾ ಸ್ವಲ್ಪ ಮೇಲೆ. ಮನೆಯಲ್ಲೇ ನೋಡಬಹುದು. ದಾರವನ್ನು ರಾಡಿನ ಉಂಗುರಗಳಲ್ಲಿ ಪೋಣಿಸಿ, ಲಗೇಜ್ ತೂಗುವ ಸಣ್ಣ ತಕ್ಕಡಿಗೆ ಕಟ್ಟಿ, ರಾಡ್ ಬಾಗುವಂತೆ ಎಳೆಯಿರಿ. ಎಷ್ಟಕ್ಕೆ ಜಾರಿತು ಅಂತ ತಕ್ಕಡಿಯೇ ತೋರಿಸುತ್ತದೆ. ಮೀನು ಸಿಕ್ಕಮೇಲೆ ಗಾಬರಿಯಲ್ಲಿ ಡ್ರ್ಯಾಗ್ ಬಿಗಿ ಮಾಡಿ ದಾರ ಕಡಿದುಕೊಳ್ಳುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು.

ಹಂತ 4: ಗಂಟು

ದಾರ ತುಂಡಾಗುವುದು ಹೆಚ್ಚಾಗಿ ಗಂಟಿನಲ್ಲೇ. ಒಂದೇ ಗಂಟು ಕಲಿಯಿರಿ, ಚೆನ್ನಾಗಿ ಕಲಿಯಿರಿ. ಇದಕ್ಕೆ ಕ್ಲಿಂಚ್ ಗಂಟು ಅನ್ನುತ್ತಾರೆ.

1. ಕೊಕ್ಕೆಯ ಕಣ್ಣಿನಲ್ಲಿ ದಾರದ ತುದಿ ತೂರಿಸಿ, ಒಂದು ಗೇಣಿನಷ್ಟು ಹೊರಗೆ ಎಳೆದುಕೊಳ್ಳಿ.
2. ಆ ತುದಿಯನ್ನು ಮುಖ್ಯ ದಾರದ ಸುತ್ತ 5 ಅಥವಾ 6 ಸಲ ಸುತ್ತಿ.
3. ಕೊಕ್ಕೆಯ ಕಣ್ಣಿನ ಪಕ್ಕದಲ್ಲೇ ಒಂದು ಸಣ್ಣ ಕುಣಿಕೆ ಉಳಿದಿರುತ್ತದೆ. ತುದಿಯನ್ನು ಅದರೊಳಗೆ ತೂರಿಸಿ.
4. ಈಗ ಒಂದು ದೊಡ್ಡ ಕುಣಿಕೆ ಆಗಿದೆ. ತುದಿಯನ್ನು ಅದರೊಳಗೂ ತೂರಿಸಿ.
5. ಎಂಜಲು ಹಚ್ಚಿ ಒದ್ದೆ ಮಾಡಿ. ಮುಖ್ಯ ದಾರವನ್ನು ನಿಧಾನವಾಗಿ ಎಳೆದು ಬಿಗಿ ಮಾಡಿ. 2-3 ಮಿ.ಮೀ. ಬಿಟ್ಟು ತುದಿ ಕತ್ತರಿಸಿ.

ಒದ್ದೆ ಮಾಡುವುದು ಶಾಸ್ತ್ರಕ್ಕಲ್ಲ. ಒಣದಾರ ಉಜ್ಜಿಕೊಂಡು ಬಿಗಿಯಾದರೆ ಬಿಸಿಯಾಗಿ ಅಲ್ಲೇ ಸೊರಗುತ್ತದೆ. ಬಿಗಿದ ಗಂಟಿನಲ್ಲಿ ಸುತ್ತುಗಳು ಒಂದರ ಪಕ್ಕ ಒಂದು ಸಾಲಾಗಿ ಕೂತಿರಬೇಕು. ಒಂದರ ಮೇಲೊಂದು ಹತ್ತಿದ್ದರೆ ಕತ್ತರಿಸಿ ಮತ್ತೆ ಕಟ್ಟಿ.

ಹಂತ 5: ಬೆಂಡಿನ ಗಾಳ, ತಳದ ಗಾಳ

ಹೊಳೆಗೆ ಎರಡು ಜೋಡಣೆ ಗೊತ್ತಿದ್ದರೆ ಸಾಕು.

ನಿಧಾನವಾಗಿ ಹರಿಯುವ ನೀರಿಗೆ ಬೆಂಡು. ದಾರಕ್ಕೆ ಬೆಂಡು ಹಾಕಿ, ತುದಿಗೆ ಕೊಕ್ಕೆ ಕಟ್ಟಿ, ಕೊಕ್ಕೆಯಿಂದ ಒಂದು ಗೇಣು ಮೇಲೆ ಸೀಸದ ಸಣ್ಣ ಗುಂಡುಗಳನ್ನು ಒತ್ತಿ. ಬೆಂಡಿನ ತುದಿ ಮಾತ್ರ ನೀರಿನ ಮೇಲೆ ಕಾಣುವಷ್ಟು ಸೀಸ ಇರಲಿ. ಅರ್ಧ ಬೆಂಡು ಮೇಲೆ ತೇಲುತ್ತಿದ್ದರೆ ಮೀನು ಎಳೆದಾಗ ಭಾರ ಗೊತ್ತಾಗಿ ಎರೆ ಬಿಟ್ಟುಬಿಡುತ್ತದೆ. ಸೀಸವನ್ನು ಹಲ್ಲಿನಲ್ಲಿ ಕಚ್ಚಿ ಒತ್ತುವ ಅಭ್ಯಾಸ ಬೇಡ, ಅದು ವಿಷ. ಇಕ್ಕಳ ಬಳಸಿ.

ಆಳ ಅಳೆಯುವುದು ಹೀಗೆ. ಕೊಕ್ಕೆಗೆ ಒಂದು ಭಾರದ ಸೀಸ ಸಿಕ್ಕಿಸಿ ನೀರಿಗೆ ಬಿಡಿ. ಬೆಂಡು ಮುಳುಗಿದರೆ ನೀರು ನೀವು ಅಂದುಕೊಂಡಿದ್ದಕ್ಕಿಂತ ಆಳ, ಬೆಂಡನ್ನು ಕೊಕ್ಕೆಯಿಂದ ಇನ್ನೂ ದೂರ ಸರಿಸಿ. ಬೆಂಡು ಅಡ್ಡ ಬಿದ್ದರೆ ಆಳ ಕಡಿಮೆ, ಹತ್ತಿರ ತನ್ನಿ. ನೆಟ್ಟಗೆ ನಿಂತರೆ ಸರಿಯಾದ ಆಳ ಸಿಕ್ಕಿತು. ಆಮೇಲೆ ಎರೆ ತಳದಿಂದ ಒಂದು ಗೇಣು ಮೇಲೆ ನಿಲ್ಲುವಂತೆ ಹೊಂದಿಸಿ. ಹೊಸಬರು ಈ ಎರಡು ನಿಮಿಷದ ಕೆಲಸ ಬಿಟ್ಟು ಎರಡು ಗಂಟೆ ಸುಮ್ನೆ ಕೂರುತ್ತಾರೆ.

ಸೆಳೆತ ಇರುವ ಕಡೆ ಬೆಂಡು ನಿಲ್ಲುವುದಿಲ್ಲ. ಅಲ್ಲಿ ತಳದ ಗಾಳ. ನಡುವೆ ತೂತಿರುವ ಮೊಟ್ಟೆಯಾಕಾರದ ಸೀಸವನ್ನು ಮುಖ್ಯ ದಾರಕ್ಕೆ ಪೋಣಿಸಿ. ತುದಿಗೆ ಸ್ವಿವೆಲ್ ಕಟ್ಟಿ. ದಾರ ಮುರಿಗೆ ಬೀಳದಂತೆ ತಿರುಗುವ ಪುಟ್ಟ ಲೋಹದ ಕೊಂಡಿ ಅದು. ಅದರ ಇನ್ನೊಂದು ತುದಿಗೆ ಒಂದು ಅಡಿ, ಒಂದೂವರೆ ಅಡಿ ದಾರ, ಅದರ ತುದಿಗೆ ಕೊಕ್ಕೆ. ಈ ಕೊನೆಯ ದಾರ ಮುಖ್ಯ ದಾರಕ್ಕಿಂತ ಸ್ವಲ್ಪ ತೆಳು ಇರಲಿ. ಬಂಡೆಗೆ ಸಿಕ್ಕಿದರೆ ಅದೊಂದೇ ಹೋಗುತ್ತದೆ. ಮೀನು ಎಳೆದಾಗ ದಾರ ಸೀಸದ ತೂತಿನಲ್ಲಿ ಜಾರುವುದರಿಂದ ಅದಕ್ಕೆ ಭಾರ ತಿಳಿಯುವುದಿಲ್ಲ.

ಹಂತ 6: ಎರೆ

ಎರೆಹುಳುವಿಗೆ ಸಮಾನ ಇನ್ನೊಂದಿಲ್ಲ. ಒದ್ದೆ ಮಣ್ಣಿನ ಡಬ್ಬಿಯಲ್ಲಿ, ನೆರಳಿನಲ್ಲಿ ಇಡಿ. ಕೊಕ್ಕೆಗೆ ಪೂರ್ತಿ ಪೋಣಿಸಬೇಡಿ, ಬಾಲ ಅಲ್ಲಾಡಲಿ.

ಗೆಂಡೆಗಳಿಗೆ ನಮ್ಮ ರಾಗಿಯೇ ಒಳ್ಳೆಯದು. ಕಾವೇರಿ ದಡದಲ್ಲಿ ದೊಡ್ಡ ಮೀನಿಗೆ ಬಳಸುತ್ತಿದ್ದ ಎರೆಯೂ ರಾಗಿ ಮುದ್ದೆಯೇ. ಕುದಿಯುವ ನೀರಿಗೆ ರಾಗಿ ಹಿಟ್ಟು ಹಾಕಿ, ಊಟದ ಮುದ್ದೆಗಿಂತ ಗಟ್ಟಿಯಾಗಿ ನಾದಿ. ಸ್ವಲ್ಪ ಕಡಲೆಕಾಯಿ ಹಿಂಡಿ ಪುಡಿ ಸೇರಿಸಿದರೆ ವಾಸನೆ ದೂರ ಹೋಗುತ್ತದೆ. ಉಂಡೆ ಕಟ್ಟಿ ಮತ್ತೆ ಕುದಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ಬೇಯಿಸಿ. ಹೊರಗೆ ರಬ್ಬರಿನಂತಹ ಸಿಪ್ಪೆ ಬರುತ್ತದೆ. ಆರಿದ ಮೇಲೆ ಉಗುರಿನಲ್ಲಿ ಒತ್ತಿ ನೋಡಿ. ಗುರುತು ಬೀಳಬೇಕು, ಪುಡಿ ಉದುರಬಾರದು. ಉದುರಿದರೆ ನೀರು ಕಡಿಮೆಯಾಗಿದೆ, ಮತ್ತೆ ನಾದಿ. 6ರ ಕೊಕ್ಕೆಗೆ ಬಟಾಣಿ ಗಾತ್ರ ಸಾಕು. ಕೊಕ್ಕೆಯ ಮೊನೆ ಸ್ವಲ್ಪ ಹೊರಗೆ ಇರಲಿ.

ಬೇರೆ ಹೊಳೆಯಿಂದ, ಅಕ್ವೇರಿಯಂನಿಂದ ಜೀವಂತ ಮೀನು ತಂದು ಎರೆಯಾಗಿ ಬಳಸಬೇಡಿ. ತಪ್ಪಿಸಿಕೊಂಡದ್ದು ಆ ಹೊಳೆಯಲ್ಲೇ ಸಂಸಾರ ಹೂಡುತ್ತದೆ. ಜಿಲೇಬಿ, ಆಫ್ರಿಕನ್ ಕ್ಯಾಟ್‌ಫಿಶ್ ಹೊರಗಿನಿಂದ ಬಂದು ನಮ್ಮ ನೀರಲ್ಲಿ ಬೀಡುಬಿಟ್ಟಿರುವುದನ್ನು ನೋಡುತ್ತಿದ್ದೇವೆ, ಅಲ್ವಾ?

ಹಂತ 7: ನೀರನ್ನು ಓದುವುದು

ಹೊಳೆಯಲ್ಲಿ ಮೀನು ಎಲ್ಲೆಲ್ಲೂ ಇರುವುದಿಲ್ಲ. ಅದಕ್ಕೆ ಬೇಕಾದ್ದು ಎರಡು: ಈಜಿ ದಣಿಯದ ಜಾಗ, ತಿನ್ನುವುದು ತಾನಾಗಿ ತೇಲಿ ಬರುವ ಜಾಗ. ಇವೆರಡೂ ಸೇರುವುದು ಓಡುವ ನೀರು ಮತ್ತು ನಿಂತ ನೀರಿನ ಗಡಿಯಲ್ಲಿ. ನೀರಿನ ಮೇಲೆ ನೊರೆ, ಒಣ ಎಲೆ ಒಂದು ಗೆರೆಯಾಗಿ ತೇಲುತ್ತಿರುತ್ತದೆ ನೋಡಿ, ಆ ಗೆರೆಯೇ ಗಡಿ. ಎರೆ ಆ ಗೆರೆಯ ನಿಧಾನದ ಬದಿಯಲ್ಲಿ ಇರಲಿ.

ದೊಡ್ಡ ಬಂಡೆಯ ಹಿಂದೆ ನೀರು ತಿರುಗಿ ನಿಲ್ಲುವ ಜಾಗ, ಕಲ್ಲಿನ ಮೇಲೆ ಹರಿದು ಬಂದ ನೀರು ಮಡುವಿಗೆ ಇಳಿಯುವ ಬಾಯಿ, ಸಣ್ಣ ಹಳ್ಳ ಹೊಳೆಗೆ ಸೇರುವ ಮೂಲೆ, ಇವೆಲ್ಲ ಒಳ್ಳೆಯ ತಾವು. ಅತ್ತಿ, ನೇರಳೆ ಮರ ನೀರಿನ ಮೇಲೆ ಬಾಗಿದ್ದು ಹಣ್ಣು ಉದುರುತ್ತಿದ್ದರೆ ಅದನ್ನು ಬಿಟ್ಟು ಮುಂದೆ ಹೋಗಬೇಡಿ. ಬೇಸಿಗೆಯ ಮಧ್ಯಾಹ್ನ ನಿಂತ ನೀರು ಬಿಸಿಯಾಗಿ ಆಮ್ಲಜನಕ ಕಡಿಮೆಯಾಗುತ್ತದೆ. ಆಗ ಮೀನು ಕಲ್ಲಿನ ಮೇಲೆ ನೊರೆಯೇಳುವ ನೀರಿನ ಹತ್ತಿರ ಸೇರುತ್ತದೆ. ಉಳಿದಂತೆ ಬೆಳಗಿನ ಜಾವ, ಸಂಜೆ. ಹೊಳೆ ಇಳಿದು ನೀರು ತಿಳಿಯಾಗುವ ಹೊತ್ತು ಹೊಸಬರಿಗೆ ಸುಲಭ.

ದಡದಲ್ಲಿ ದಡದಡ ನಡೆಯಬೇಡಿ. ನೆಲದ ಅದುರು ಮೀನಿಗೆ ನೀರಿನಲ್ಲಿ ತಿಳಿಯುತ್ತದೆ. ನಿಮ್ಮ ನೆರಳೂ ನೀರಿನ ಮೇಲೆ ಬೀಳದಿರಲಿ. ಮೊದಲ ಎಸೆತ ದೂರಕ್ಕೆ ಬೇಡ, ದಡದ ಪಕ್ಕಕ್ಕೇ ಹಾಕಿ.

ಹಂತ 8: ಎಸೆತ, ಎಳೆತ

ರಾಡಿನ ತುದಿಯಿಂದ ಒಂದೂವರೆ ಅಡಿ ದಾರ ನೇತಾಡಲಿ. ತೋರುಬೆರಳಿನಲ್ಲಿ ದಾರ ಹಿಡಿದು ಬೇಲ್ ತೆರೆಯಿರಿ. ಹಿಂದೆ ಯಾರಿದ್ದಾರೆ, ಮರ ಇದೆಯಾ ನೋಡಿ. ರಾಡನ್ನು ಹಿಂದಕ್ಕೆ ತಂದು ಮುಂದಕ್ಕೆ ಬೀಸಿ, ರಾಡ್ ಕಣ್ಣೆದುರಿಗೆ ಬರುವಷ್ಟರಲ್ಲಿ ಬೆರಳು ಬಿಡಿ. ಎರೆ ನೀರಿಗೆ ಬಿದ್ದಮೇಲೆ ಬೇಲ್ ಅನ್ನು ಕೈಯಿಂದಲೇ ಮುಚ್ಚಿ, ಸಡಿಲ ದಾರ ಎಳೆದುಕೊಳ್ಳಿ. ರೀಲಿನ ಹಿಡಿ ತಿರುಗಿಸಿ ಮುಚ್ಚಿದರೆ ಸಡಿಲ ಕುಣಿಕೆ ರೀಲಿನೊಳಗೆ ಕೂತು ಮುಂದಿನ ಎಸೆತದಲ್ಲಿ ಗೋಜಲಾಗುತ್ತದೆ.

ಬೆಂಡು ಕುಣಿದರೆ ಎಳೆಯಬೇಡಿ, ಅದು ಎರೆ ರುಚಿ ನೋಡುವ ಹೊತ್ತು. ಬೆಂಡು ಮುಳುಗಿ ಓಡಿದಾಗ, ಅಥವಾ ಇದ್ದಕ್ಕಿದ್ದಂತೆ ಅಡ್ಡ ಮಲಗಿದಾಗ, ರಾಡನ್ನು ಮಣಿಕಟ್ಟಿನಿಂದ ಮೇಲೆತ್ತಿ. ಅಷ್ಟು ಸಾಕು.

ಸಿಕ್ಕಮೇಲೆ ರಾಡ್ ಬಾಗಿಯೇ ಇರಬೇಕು. ಮೀನು ಓಡುವಾಗ ಓಡಲು ಬಿಡಿ. ಡ್ರ್ಯಾಗ್ ಜಾರುತ್ತಿರುವಾಗ ಹಿಡಿ ತಿರುಗಿಸಿದರೆ ದಾರ ಒಂದಿಂಚೂ ಬರುವುದಿಲ್ಲ, ಮುರಿಗೆ ಮಾತ್ರ ಬೀಳುತ್ತದೆ. ಅದು ನಿಂತಾಗ ರಾಡನ್ನು ಮೆಲ್ಲಗೆ ಮೇಲೆತ್ತಿ, ಕೆಳಗಿಳಿಸುತ್ತಾ ದಾರ ಸುತ್ತಿಕೊಳ್ಳಿ. ದಡದ ಹತ್ತಿರ ಬಂದಾಗ ಇನ್ನೊಂದು ಓಟ ಖಂಡಿತ ಇರುತ್ತದೆ. ದಾರ ಕೈಗೆ ಸುತ್ತಿಕೊಂಡು ಎಳೆಯಬೇಡಿ, ಬೆರಳು ಕೊಯ್ಯುತ್ತದೆ. ಕೈಬಲೆ ಇದ್ದರೆ ನೀರಿನಲ್ಲಿ ಇಟ್ಟು ಮೀನನ್ನು ಅದರ ಮೇಲಕ್ಕೆ ತನ್ನಿ.

ಚೇಳುಮೀನಿನ ಪಕ್ಕದ ರೆಕ್ಕೆಯಲ್ಲಿ ವಿಷದ ಮುಳ್ಳಿದೆ. ಮೀಸೆ ಇರುವ ಯಾವುದೇ ಮೀನನ್ನು ಬಟ್ಟೆ ಸುತ್ತಿ ಹಿಡಿಯಿರಿ. ಚುಚ್ಚಿದರೆ ಸುಡದಷ್ಟು ಬಿಸಿನೀರಿನಲ್ಲಿ ಕೈ ಅದ್ದಿದರೆ ನೋವು ಇಳಿಯುತ್ತದೆ, ಆಮೇಲೆ ವೈದ್ಯರನ್ನು ಕಾಣಿ.

ಹಂತ 9: ಬಿಡುವ ಮೀನನ್ನು ಸರಿಯಾಗಿ ಬಿಡಿ

ಕಾವೇರಿ ಕೊಳ್ಳದಲ್ಲಿ ಗಾಳ ಹಾಕುವವರು ಒಂದು ಮೀನನ್ನು ಗುರುತಿಸಲೇಬೇಕು: ಬೆನ್ನು ಗೂನಾಗಿ, ರೆಕ್ಕೆ ಕಿತ್ತಳೆ ಬಣ್ಣಕ್ಕಿರುವ ಹಂಪ್‌ಬ್ಯಾಕ್ ಮಹಸೀರ್. ಅದು ಬೇರೆ ಎಲ್ಲೂ ಇಲ್ಲ, ಕಾವೇರಿ ಮತ್ತು ಅದರ ಉಪನದಿಗಳದ್ದು ಮಾತ್ರ. 2018ರಲ್ಲಿ ಅದನ್ನು ಅಳಿವಿನ ಅಂಚಿನ ಪಟ್ಟಿಗೆ ಸೇರಿಸಲಾಗಿದೆ. ತಪ್ಪಿ ಸಿಕ್ಕರೆ ನೀರಿನಿಂದ ಮೇಲೆತ್ತಲೇಬೇಡಿ, ಫೋಟೊಗೂ ಬೇಡ.

ಯಾವ ಮೀನನ್ನೇ ಬಿಡುವುದಾದರೂ ಕೈ ಒದ್ದೆ ಮಾಡಿಕೊಂಡೇ ಮುಟ್ಟಿ. ಮೈ ಮೇಲಿನ ಲೋಳೆ ಅದನ್ನು ರೋಗದಿಂದ ಕಾಯುತ್ತದೆ. ಬಿಸಿಲಿಗೆ ಕಾದ ಬಂಡೆ, ಮರಳಿನ ಮೇಲೆ ಇಟ್ಟರೆ ಆ ಲೋಳೆ ಕಿತ್ತು ಬರುತ್ತದೆ. ಕಿವಿರಿನೊಳಗೆ ಬೆರಳು ಹಾಕಬೇಡಿ. ಕೊಕ್ಕೆ ಆಳಕ್ಕೆ ಇಳಿದಿದ್ದರೆ ಕೀಳಬೇಡಿ, ದಾರವನ್ನು ಹತ್ತಿರದಲ್ಲೇ ಕತ್ತರಿಸಿ. ಸುಸ್ತಾದ ಮೀನಿನ ತಲೆ ಹರಿವಿಗೆ ಎದುರಾಗಿರುವಂತೆ ನೀರಿನಲ್ಲಿ ಹಿಡಿದುಕೊಳ್ಳಿ. ಕಿವಿರು ಒಂದೇ ಸಮನೆ ಆಡತೊಡಗಿ, ಬಾಲ ಒದ್ದು ತಾನಾಗಿ ಹೋಗುವವರೆಗೆ ಬಿಡಬೇಡಿ.

ನೀರಿನ ಬಗ್ಗೆ ಎಚ್ಚರಿಕೆ

ಇದಕ್ಕೆ ಹಂತದ ನಂಬರ್ ಇಲ್ಲ, ದಡದಲ್ಲಿ ಇರುವಷ್ಟು ಹೊತ್ತೂ ಬೇಕು. ಕೆ.ಆರ್.ಎಸ್., ಕಬಿನಿ, ಸೂಪಾ ಅಣೆಕಟ್ಟೆಗಳ ಕೆಳಗೆ ಮಳೆ ಇಲ್ಲದೆಯೂ ನೀರು ಏರುತ್ತದೆ. ಹೋದ ಕೂಡಲೇ ನೀರಿನಂಚಿನಲ್ಲಿ ಒಂದು ಕಡ್ಡಿ ನೆಡಿ, ಆಗಾಗ ನೋಡುತ್ತಿರಿ. ಕಡ್ಡಿ ಮುಳುಗತೊಡಗಿದರೆ, ತಿಳಿನೀರು ಕೆಂಪಾದರೆ, ಕಸಕಡ್ಡಿ ಜಾಸ್ತಿ ತೇಲಿ ಬಂದರೆ ಸಾಮಾನು ಬಿಟ್ಟಾದರೂ ಮೇಲೆ ಬನ್ನಿ. ಹೊಳೆ ನಡುವಿನ ಬಂಡೆಗೆ ದಾಟಿ ಕೂರುವುದು ಬೇಡವೇ ಬೇಡ.

ದಾಂಡೇಲಿಯ ಕಾಳಿ, ರಂಗನತಿಟ್ಟಿನ ಸುತ್ತಲಿನ ಕಾವೇರಿ, ತುಂಗಭದ್ರಾ, ಕೃಷ್ಣಾ, ಎಲ್ಲ ಕಡೆ ಮೊಸಳೆ ಇದೆ. ಮೊಣಕಾಲು ನೀರಿಗೆ ಇಳಿದು ನಿಲ್ಲಬೇಡಿ, ಹಿಡಿದ ಮೀನನ್ನು ನೀರಂಚಿನಲ್ಲಿ ಕೊಯ್ದು ತೊಳೆಯಬೇಡಿ. ಕಾರ್ಬನ್ ರಾಡ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಪಂಪ್‌ಸೆಟ್ಟಿನ ತಂತಿ ತಲೆ ಮೇಲಿದ್ದರೆ ಅಲ್ಲಿ ರಾಡ್ ಎತ್ತಬೇಡಿ. ಗುಡುಗು ಶುರುವಾದರೆ ರಾಡ್ ಕೆಳಗಿಡಿ.

ಹಂತ 10: ಮನೆಗೆ ಬಂದಮೇಲೆ

ಕತ್ತರಿಸಿದ ದಾರದ ಒಂದು ತುಂಡೂ ದಡದಲ್ಲಿ ಉಳಿಯಬಾರದು. ನೈಲಾನ್ ಕೊಳೆಯುವುದಿಲ್ಲ, ಹಕ್ಕಿಯ ಕಾಲಿಗೆ, ರೆಕ್ಕೆಗೆ ಸುತ್ತಿಕೊಳ್ಳುತ್ತದೆ. ಜೇಬಲ್ಲಿ ತಂದು, ಸಣ್ಣ ಸಣ್ಣ ತುಂಡು ಮಾಡಿ ಕಸಕ್ಕೆ ಹಾಕಿ.

ರೀಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ನಲ್ಲಿಯ ಕೆಳಗೆ ಜೋರಾಗಿ ಹಿಡಿದರೆ ಮರಳು ಒಳಗೆ ಹೋಗುತ್ತದೆ. ದಾರದ ಮೊದಲ ಮೂರು ನಾಲ್ಕು ಅಡಿಯನ್ನು ಎರಡು ಬೆರಳ ನಡುವೆ ಎಳೆದು ನೋಡಿ. ಒರಟು ತಗುಲಿದರೆ ಅಷ್ಟನ್ನು ಕತ್ತರಿಸಿ ಹೊಸ ಗಂಟು ಹಾಕಿ. ಬಿಸಿಲು ನೈಲಾನನ್ನು ಸೊರಗಿಸುತ್ತದೆ, ಹಾಗಾಗಿ ರಾಡನ್ನು ಕಾರಿನ ಹಿಂದಿನ ಗಾಜಿನ ಕೆಳಗೆ ಬಿಡಬೇಡಿ. ವರ್ಷಕ್ಕೊಮ್ಮೆ ದಾರ ಬದಲಿಸಿ. ಡ್ರ್ಯಾಗ್ ಪೂರ್ತಿ ಸಡಿಲ ಮಾಡಿಟ್ಟರೆ ಒಳಗಿನ ಬಿಲ್ಲೆಗಳು ಅಂಟಿಕೊಳ್ಳುವುದಿಲ್ಲ. ಮುಂದಿನ ಸಲ ಹೊರಡುವ ಮೊದಲು ತಕ್ಕಡಿ ಹಿಡಿದು ಮತ್ತೆ ಹೊಂದಿಸಿಕೊಳ್ಳಿ.